ಸುರಗಿ ನೀರಿನ ಕಳ್ಳದಾರಿ

ಇದನ್ನು ಬರೆಯಲು ನಾನು ಕೂತದ್ದು ಇದೇ ಮೊದಲಲ್ಲ. ಪ್ರತಿ ಸಲ ಏನಾದರೊಂದು ನೆವ ಸಿಗುತ್ತಿತ್ತು. ಒಮ್ಮೆ ಶೇಂಗಾ ಕೀಳುವ ಹಂಗಾಮು, ಒಮ್ಮೆ ಕಣ್ಣಿನ ಪೊರೆ, ಒಮ್ಮೆ ಮಗಳು ಬಾಣಂತನಕ್ಕೆ ಬಂದಳು. ಈಗ ಶೇಂಗಾ ಮನೆಗೆ ಬಂದಿದೆ, ಪೊರೆ ತೆಗೆಸಿಯಾಗಿದೆ, ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋಗಿದ್ದಾಳೆ. "ಇನ್ನ ಯಾವ ನೆಪಾ ಐತಿ ನಿಮಗ?" ಎಂದು ಹೆಂಡತಿ ಕೇಳಿದಳು. ಬರೆಯಲು ಕೂತೆ.

ನಮ್ಮೂರು ಕೊರ್ಲಹಳ್ಳಿ. ಹೊಳೆಯ ದಂಡೆಯವನಾದ್ದರಿಂದಲೋ ಏನೋ, ನನ್ನ ನೌಕರಿಯೂ ನೀರಿನದೇ ಆಯಿತು. ಮುಂಡರಗಿ ಸೀಮೆಯಿಂದ ಶಿರಹಟ್ಟಿ ಸೀಮೆಯ ಹಳ್ಳಿಗಳಿಗೆ ಕುಡಿಯುವ ನೀರು ಹರಿಸುವ ಒಂದು ಯೋಜನೆಯಲ್ಲಿ ವಾಲ್ವ್ ತಿರುಗಿಸುವವನಾಗಿ ಸೇರಿ, ಕೊನೆಗೆ ಪಂಪ್‌ಹೌಸಿನ ಪಾಳಿ ನೋಡಿಕೊಳ್ಳುವವನಾದೆ. ಯಾವ ಯೋಜನೆ, ಯಾರ ಆಡಳಿತ ಎಂಬುದು ಇಲ್ಲಿ ಬೇಡ. ನಾನು ಎಸ್‌ಎಸ್‌ಎಲ್‌ಸಿ ಪಾಸಾದವನು. ಕಂಪ್ಯೂಟರಿನ ಬಗ್ಗೆ ಮುಂದೆ ಬರೆಯುವುದೆಲ್ಲ ಮಾಸ್ತರೊಬ್ಬರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತಿಳಿಸಿದ್ದು. ತಪ್ಪಿದ್ದರೆ ಅದು ನನ್ನ ತಲೆಯದು, ಅವರ ಕಡ್ಡಿಯದಲ್ಲ.

ಮೊದಲು ಸುರಗಿ ನೀರಿನ ವಿಷಯ ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ಎರೆಯುತ್ತಾರೆ. ಅದೇ ಸುರಗಿ. ಅದಕ್ಕೆ ನಿನ್ನೆ ತುಂಬಿಟ್ಟ ನೀರು ನಡೆಯುವುದಿಲ್ಲ, ಆಗಷ್ಟೇ ಬಂದ ನೀರು ಬೇಕು. ಆದ್ದರಿಂದ ಮದುವೆ ಮನೆಯವರು ಮುನ್ನಾ ದಿನ ತೆಂಗಿನಕಾಯಿ, ಎಲೆ-ಅಡಿಕೆ ಹಿಡಿದುಕೊಂಡು ವಾಲ್ವಿನವನ ಬಳಿ ಬರುತ್ತಿದ್ದರು. ಪಾಳಿ ಇರಲಿ ಬಿಡಲಿ, ಅವರ ಓಣಿಗೆ ಒಂದು ಗಳಿಗೆ ನೀರು ಬಿಡುವುದು ನಮ್ಮ ರೂಢಿ. ಯಾವ ಕಾಯಿದೆಯಲ್ಲೂ ಇದು ಇರಲಿಲ್ಲ. ನಾನು ಒಮ್ಮೆಯೂ ಇಲ್ಲ ಅಂದವನಲ್ಲ. ಮದುವೆಗಳಲ್ಲಿ ನನಗೆ ಮುಂದಿನ ಪಂಕ್ತಿಯ ಊಟ. ಆ ಮರ್ಯಾದೆಯ ರುಚಿಯೂ ನನಗೆ ಹತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ವಾಲ್ವುಗಳಿಗೆ ಮೋಟಾರು ಕೂಡಿಸಿದರು. ಯಾವ ಊರಿಗೆ ಎಷ್ಟು ಹೊತ್ತಿಗೆ ನೀರು ಎಂಬುದನ್ನು ಪಂಪ್‌ಹೌಸಿನ ಒಂದು ಯಂತ್ರವೇ ನಡೆಸತೊಡಗಿತು. ಅದಕ್ಕೆ ನಾವು ವಾಲ್ವಿನ ಕಂಪ್ಯೂಟರ್ ಎನ್ನುತ್ತಿದ್ದೆವು. ವರದಿ ಬರೆಯಲು ಪಕ್ಕದ ಕೋಣೆಯಲ್ಲಿ ಆಫೀಸಿನ ಕಂಪ್ಯೂಟರ್ ಬೇರೆ ಇತ್ತು. ಎರಡರ ನಡುವೆ ವೈರು ಇರಲಿಲ್ಲ. ವಾಲ್ವಿನದಕ್ಕೆ ಇಂಟರ್‌ನೆಟ್ಟೂ ಇರಲಿಲ್ಲ, ಇರಕೂಡದು ಎಂದು ಗೋಡೆಯ ಮೇಲೆ ಬರೆದಿದ್ದರು. ಇವನ್ನು ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಒಬ್ಬ ಆಪರೇಟರ್ ಬಂದಳು. ಬೆಟಗೇರಿಯ ನೇಕಾರರ ಮನೆಯ ಹುಡುಗಿ. ದಿನಾ ಬಸ್ಸಿಗೆ ಬರುತ್ತಿದ್ದಳು. ನನ್ನನ್ನು ಕಾಕಾ ಎನ್ನುತ್ತಿದ್ದಳು, ನಾನು ತಂಗೀ ಎನ್ನುತ್ತಿದ್ದೆ. ಊಟದ ಹೊತ್ತಿನಲ್ಲಿ ಫರಸಿ ಕಲ್ಲಿನ ಮೇಲೆ ಗೀಚಿದ ಮನೆಗಳಲ್ಲಿ ನಾವು ಚೌಕಾಬಾರಾ ಆಡುತ್ತಿದ್ದೆವು. ಆಕೆ ಕವಡೆ ಎಸೆದರೆ ಬೇಕಾದದ್ದೇ ಬೀಳುತ್ತಿತ್ತು. "ಮಗ್ಗದ ಕೈ ಐತ್ರಿ ಕಾಕಾ, ಲಾಳಿ ಒಗದಂಗ ಒಗೀಬೇಕು" ಎನ್ನುತ್ತಿದ್ದಳು.

ಕಂಪ್ಯೂಟರ್ ಬಂದ ವರ್ಷ ಬೆಳ್ಳಟ್ಟಿಯ ಒಬ್ಬ ಹಿರಿಯರು ಮಗನ ಮದುವೆಗೆ ಸುರಗಿ ನೀರು ಕೇಳಲು ವಾರ ಮೊದಲೇ ಬಂದರು. ಬೆಳ್ಳಟ್ಟಿ ನನ್ನ ಹೆಂಡತಿಯ ತವರು. ಇಲ್ಲ ಅನ್ನುವುದು ಹೇಗೆ? ಆಪರೇಟರಿಗೆ ಕೇಳಿದರೆ, "ಪಾಳಿ ಬದಲ ಮಾಡಬೇಕಂದ್ರ ಸಾಹೇಬ್ರ ಸಹಿ ಬೇಕ್ರಿ ಕಾಕಾ" ಎಂದಳು. ಯೋಜನೆಯ ಮೇಲಧಿಕಾರಿಯಾದ ಸಾಹೇಬರನ್ನು ಕೇಳಲು ನನಗೆ ನಾಚಿಕೆ. ಫೋನಿನಿಂದಲೇ ವಾಲ್ವು ತೆಗೆಯಲು ಬರುತ್ತದೆಯೇ ಎಂದು ಕೇಳಲು ಪೇಟೆಯ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ನಕ್ಕು, "ಇಷ್ಟ ಹೌದಿಲ್ರಿ?" ಎಂದು ಬೆರಳುದ್ದದ ಡಾಂಗಲ್ ಒಂದನ್ನು ಕೊಟ್ಟ. ಅದಕ್ಕೆ ಸಿಮ್ ಹಾಕಿ ಚುಚ್ಚಿದರೆ ಇಂಟರ್‌ನೆಟ್ ಬರುತ್ತದೆ. ಭಾನುವಾರ ಆಪರೇಟರ್ ಇಲ್ಲದಾಗ ಅವನೇ ಬಂದು ವಾಲ್ವಿನ ಕಂಪ್ಯೂಟರಿನ ಬೆನ್ನಿಗೆ ಅದನ್ನು ಚುಚ್ಚಿ, ದೂರದಿಂದಲೇ ಯಂತ್ರ ನಡೆಸುವ ಒಂದು ಪ್ರೋಗ್ರಾಮ್ ಹಾಕಿ, ಅದನ್ನೇ ನನ್ನ ಫೋನಿಗೂ ಹಾಕಿ ಹೋದ. ಪಾಸ್‌ವರ್ಡು ಒಂದರಿಂದ ಆರರ ತನಕ ಅಂಕಿ. "ಎಲ್ಲಾರಿಗೂ ಇದನ್ನ ಹಾಕಿ ಕೊಡ್ತೀನ್ರಿ, ಮರಿಯಂಗಿಲ್ಲ" ಎಂದ. ಖರೆ, ಇಂದಿಗೂ ಮರೆತಿಲ್ಲ.

ಬೆಳ್ಳಟ್ಟಿಯ ಆ ಮದುವೆಯಲ್ಲಿ ನಾನು ಚಪ್ಪರದ ಕೆಳಗೆ ಕೂತು, ಜರತಾರಿ ರುಮಾಲು ಸುತ್ತಿಕೊಂಡು, ಫೋನಿನ ಮೇಲೆ ಬೆರಳಾಡಿಸಿದೆ. ಓಣಿಯ ನಳದಲ್ಲಿ ಮೊದಲು ಗಾಳಿ ಬುಸ್ಸೆಂದಿತು, ಆಮೇಲೆ ನೀರು. ಹೆಂಗಸರು ಹುಯ್ಯೆಂದರು. ಹಿರಿಯರು ನನ್ನ ಕೈ ಹಿಡಿದು, "ಭಗೀರಥನೂ ಇಷ್ಟ ಜಲ್ದಿ ತಂದಿರಲಿಲ್ಲ ಬಿಡ್ರಿ" ಎಂದರು. ಹೆಂಡತಿ ಮಾತ್ರ ಮೆಲ್ಲಗೆ, "ಇದು ಸರಕಾರಕ್ಕ ಗೊತ್ತೈತೇನ್ರಿ?" ಎಂದಳು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಡಾಂಗಲ್ ಅಲ್ಲೇ ಉಳಿಯಿತು. ಇನ್ನೊಂದು ಮದುವೆ ಬರುತ್ತದಲ್ಲ ಎಂದು.

ಒಂದು ದಿನ ಬೆಳಗಿನ ಪಾಳಿಗೆ ಹೋದಾಗ ವಾಲ್ವಿನ ಕಂಪ್ಯೂಟರಿನ ಪರದೆ ಕೆಂಪಗಿತ್ತು. ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ: ನಿಮ್ಮದೆಲ್ಲಕ್ಕೂ ಬೀಗ ಹಾಕಿದ್ದೇವೆ, ತೆಗೆಯಬೇಕಾದರೆ ದುಡ್ಡು ಕಳಿಸಿರಿ. ಪಂಪು ನಿಂತಿತ್ತು. ವಾಲ್ವುಗಳು ಇದ್ದಲ್ಲೇ ಸೆಟೆದುಕೊಂಡಿದ್ದವು. ಆಫೀಸಿನ ಕಂಪ್ಯೂಟರ್ ಮಾತ್ರ ಎಂದಿನಂತೆ ಚಲೋ ಇತ್ತು. ಆಪರೇಟರಿಗೆ ಅಂದು ರಜೆ. ಸಾಹೇಬರಿಗೆ ಫೋನ್ ಮಾಡಿದೆ.

"ಏನೂ ಮುಟ್ಟಬ್ಯಾಡ್ರಿ!" ಎಂದು ಒದರಿದರು.

"ಮುಟ್ಟಾಕ ಏನೂ ಉಳದಿಲ್ರಿ ಸಾಹೇಬ್ರ" ಎಂದೆ.

ಆದರೆ ಮುಟ್ಟಿದೆ. ಫೋನ್ ಇಟ್ಟ ಕೂಡಲೇ ನನ್ನ ಕೈ ತಾನಾಗಿಯೇ ಕಂಪ್ಯೂಟರಿನ ಬೆನ್ನ ಹಿಂದೆ ಹೋಯಿತು, ಆ ಡಾಂಗಲ್ಲನ್ನು ಕಿತ್ತಿತು, ಅಂಗಿಯ ಕಿಸೆಗೆ ಹಾಕಿತು. ಕೈಗೆ ನನಗಿಂತ ಮೊದಲು ಗೊತ್ತಾಗಿತ್ತು.

ಆ ದಿನದ ಉಳಿದ ಕೆಲಸ ನೆನೆದರೆ ಈಗಲೂ ಮೈ ಹುರುಪಾಗುತ್ತದೆ. ಪಂಪಿಗೆ ಬೇರೆ ಸ್ವಿಚ್ಚು ಇತ್ತು, ಆದರೆ ವಾಲ್ವುಗಳನ್ನು ಮೋಟಾರು ಬಿಡಿಸಿ ಕೈಯಿಂದ ತಿರುಗಿಸಬೇಕು. ಅದಕ್ಕೆ ಎದೆಯೆತ್ತರದ ಕಬ್ಬಿಣದ ಕೀಲಿ ಬೇಕು. ಅದು ಎಲ್ಲಿ? ಹುಡುಕಿ ಹುಡುಕಿ ಸಾಕಾದ ಮೇಲೆ ಸಿಕ್ಕಿದ್ದು ರಸ್ತೆಯಾಚೆಯ ಚಹಾದಂಗಡಿಯಲ್ಲಿ, ಬಿಸಿಲಿಗೆ ಕಟ್ಟಿದ ತಾಡಪತ್ರಿಗೆ ಊರುಗಂಬವಾಗಿ. ಕಂಪ್ಯೂಟರ್ ಬಂದ ಮೇಲೆ ಇದೇಕೆ ಬೇಕೆಂದು ನಮ್ಮವರೇ ಯಾರೋ ಕೊಟ್ಟಿದ್ದರು.

"ಕೀಲಿ ಒಯ್ರಿ, ನಾ ಬ್ಯಾಡ ಅನ್ನಂಗಿಲ್ಲ" ಎಂದ ಅಂಗಡಿಯವನು, "ಖರೆ ಒಂದ ಉದ್ದನ ಬಡಿಗಿ ಕೊಟ್ಟ ಒಯ್ರಿ. ಇಲ್ಲಂದ್ರ ನಿಮ್ಮ ಊರಿಗಿ ನೀರ ಬರತೈತಿ, ನನ್ನ ತಲಿ ಮ್ಯಾಲ ತಾಡಪತ್ರಿ ಬರತೈತಿ."

ಒಂದು ವಾಲ್ವು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಸೀಮೆಎಣ್ಣೆ ಹಾಕಿ, ಬಡಿದು, ಇಬ್ಬರು ಜೋತುಬಿದ್ದು ತಿರುಗಿಸಿದೆವು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಯಲ್ಲಿ ಫೋನು ಕೇಳಿಸದೆ, ಬೇರೆ ವಾಲ್ವಿನ ಬಳಿ ಇದ್ದವರು "ತಗದೀ?" ಎಂದರೆ "ಏನ್?" ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಕೊನೆಯ ಊರಿಗೆ ನೀರು ಮುಟ್ಟಿತು. ಟಾಕಿಗಳಲ್ಲಿ ತುಂಬಿದ್ದ ನೀರು ಅಲ್ಲಿಯವರೆಗೆ ನಮ್ಮ ಮಾನ ಕಾಯಿತು. ಇಷ್ಟೆಲ್ಲ ನಡೆದದ್ದು ಎಷ್ಟೋ ಊರುಗಳಿಗೆ ಗೊತ್ತೂ ಆಗಲಿಲ್ಲ.

ಕಂಪ್ಯೂಟರ್ ರಿಪೇರಿಯವರು ಬಂದು ಮೊದಲು ಯಂತ್ರ ಏಳಲಿ ಎಂದು ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದರು. ಕಳ್ಳನ ಹೆಜ್ಜೆಯೂ ಅಳಿಸಿತು, ನನ್ನದೂ.

ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಕೇಳಿದರು: ಯಾರಾದರೂ ಕಂಪ್ಯೂಟರಿಗೆ ಹೊರಗಿನ ವಸ್ತು ಹಚ್ಚಿದ್ದಿರೇ? ನಾನು ಸುಮ್ಮನಿದ್ದೆ. ಆಪರೇಟರ್ ಕೈ ಎತ್ತಿದಳು. ತಾನು ಊಟದ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಹಚ್ಚುತ್ತಿದ್ದೆ, ಅಪ್ಪನ ಮಗ್ಗಕ್ಕೆ ಸೀರೆಯ ದಡಿಯ ನಮೂನೆ ಬರೆಯುತ್ತಿದ್ದೆ, ವಾಲ್ವಿನ ಕಂಪ್ಯೂಟರಿಗೆ ಮಾತ್ರ ಎಂದೂ ಹಚ್ಚಿಲ್ಲ ಎಂದಳು. ಖರೆ ಹೇಳಿದ್ದಕ್ಕೆ ಆಕೆಗೆ ಸಿಕ್ಕಿದ್ದು ನೋಟಿಸು: ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರತಕ್ಕದ್ದಲ್ಲ. ಗುತ್ತಿಗೆ ಮುಗಿಯುವ ಕಾಲ ಹತ್ತಿರವಿತ್ತು. ಹೆಸರಿಗೆ ಮಸಿ ಬಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ, ಬೇರೆ ಕಡೆಯೂ ಕೆಲಸ ಸಿಗುವುದಿಲ್ಲ. ನನಗೋ ನಿವೃತ್ತಿ ಎದುರಿಗೇ ಇತ್ತು. ಈ ಮುದಿವಯಸ್ಸಿನಲ್ಲಿ ಪಿಂಚಣಿಗೆ ಕುತ್ತು ತಂದುಕೊಳ್ಳಲೇ ಎಂದು ನನಗೆ ನಾನೇ ಹೇಳಿಕೊಂಡೆ. ಡಾಂಗಲ್ಲನ್ನು ಕಿಸೆಯಿಂದ ತೆಗೆದು ಎಲೆ-ಅಡಿಕೆಯ ಚಂಚಿಗೆ ಹಾಕಿದೆ. ಹೊಳೆಗೆ ಒಗೆಯಬಹುದಿತ್ತು. ಯಾಕೆ ಒಗೆಯಲಿಲ್ಲವೋ, ಇಂದಿಗೂ ಗೊತ್ತಿಲ್ಲ.

ಮಾಸ್ತರು ಬಂದದ್ದು ಆಗ. ಲಕ್ಷ್ಮೇಶ್ವರದವರು, ಗದಗಿನ ಕಡೆ ಕಾಲೇಜಿನಲ್ಲಿ ಕಲಿಸುವವರು. ದುಂಡಗಿನ ಆಳು, ಸದಾ ನಗು, ಚಹಾದ ಜೊತೆ ಮಿರ್ಚಿಭಜಿ ಇಲ್ಲದಿದ್ದರೆ ತಲೆ ಓಡುವುದಿಲ್ಲ ಎನ್ನುವವರು. ಇಂಥ ದಾಳಿ ಮತ್ತೆ ಬಂದರೆ ಯೋಜನೆ ಎಷ್ಟು ಹೊತ್ತು ತಡೆದೀತು, ಎಲ್ಲಿ ಬೀಳುತ್ತದೆ, ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಒಂದು ಮಾದರಿ ಮಾಡಿಕೊಡಿರೆಂದು ಸಾಹೇಬರು ಅವರನ್ನು ಕರೆಸಿದ್ದರು.

ಅವರು ಕಂಪ್ಯೂಟರನ್ನು ಮುಟ್ಟುವ ಮೊದಲು ನೆಲ ಗುಡಿಸಿಸಿದರು. ಸುಣ್ಣದ ಕಡ್ಡಿಯಿಂದ ದೊಡ್ಡ ವೃತ್ತಗಳನ್ನು ಬರೆದರು. ಒಂದರಲ್ಲಿ 'ಎಲ್ಲಾ ಚಲೋ'. ಇನ್ನೊಂದರಲ್ಲಿ 'ಕಳ್ಳ ಒಳಗ ಬಂದಾನ, ನಮಗ ಖಬರಿಲ್ಲ'. ಮತ್ತೊಂದರಲ್ಲಿ 'ನೀರ ನಿಂತೈತಿ'. ಆಚೆಗೆ 'ಕೈಲೆ ನಡಸಾಕತ್ತೇವಿ'. ಒಂದರಿಂದ ಒಂದಕ್ಕೆ ಬಾಣ. ಪ್ರತಿ ಬಾಣದ ಮೇಲೂ ಒಂದು ಅಂಕಿ ಬೇಕು ಎಂದರು. ಹೀಗಾಗುವ ಸಂಭವ ಎಷ್ಟು, ಆಗಲು ಎಷ್ಟು ಹೊತ್ತು. ಅಂಕಿಗಳಿಗಾಗಿ ನಮ್ಮನ್ನು ಹಿಂಡಿದರು. ಪಂಪು ವರ್ಷಕ್ಕೆ ಎಷ್ಟು ಸಲ ಕೆಡುತ್ತದೆ? ಕರೆಂಟು ಹೋದರೆ ಬರುವುದು ಎಷ್ಟು ಹೊತ್ತಿಗೆ? ಕೀಲಿ ಹುಡುಕಲು ಎಷ್ಟು ಹೊತ್ತು ಹಿಡಿಯಿತು? ಚಹಾದಂಗಡಿಯ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಕ್ಕು ಅದನ್ನೂ ಬಾಣದ ಮೇಲೆ ಬರೆದರು.

ನಾನು ಆ ದಿನಗಳಲ್ಲಿ ಪಂಪಿನ ಕಡೆ ಹೋಗುವಾಗ 'ಕಳ್ಳ ಒಳಗ ಬಂದಾನ' ಎಂಬ ವೃತ್ತವನ್ನು ತುಳಿಯದೆ ಸುತ್ತಿ ಹೋಗುತ್ತಿದ್ದೆ. ಮಾಸ್ತರು ಅದನ್ನು ಗಮನಿಸಿ, "ಯಜಮಾನ್ರ, ಸುಣ್ಣ ಐತ್ರಿ, ಹಾವಲ್ಲ" ಎಂದರು.

ಒಂದು ಮಧ್ಯಾಹ್ನ ಅವರ ಕಣ್ಣು ಫರಸಿಯ ಮೇಲಿನ ಚೌಕಾಬಾರಾ ಮನೆಗಳ ಮೇಲೆ ಬಿತ್ತು. "ಕವಡಿ ಅದಾವೇನ್ರಿ?" ಎಂದರು. ಡಬ್ಬಿ ತಂದುಕೊಟ್ಟೆ. ಅವರ ಮುಖ ಅರಳಿತು.

"ನೋಡ್ರಿ, ಪಂಪ ಕೆಡೋದು, ಕರೆಂಟ ಹೋಗೋದು, ಪೈಪ ಒಡಿಯೋದು, ಇವೆಲ್ಲಾ ಕವಡಿ ಇದ್ದಂಗ. ಬೀಳ್ತಾವ, ಅಷ್ಟ. ಅವಕ್ಕ ಕಣ್ಣಿಲ್ಲ, ನಮ್ಮ ಮ್ಯಾಲ ಸಿಟ್ಟಿಲ್ಲ. ಕಳ್ಳ ಹಂಗಲ್ಲ. ಕಳ್ಳ ಆಟಗಾರ. ಕವಡಿ ಏನರ ಬೀಳಲಿ, ಯಾವ ಕಾಯಿ ನಡಸಿದ್ರ ನಮಗ ಪೆಟ್ಟು ಬೀಳತೈತಿ ಅಂತ ನೋಡಿ ನಡಸ್ತಾನ. ಯಂತ್ರ ಕೆಡೋದನ್ನ ಎಣಿಸೋದು ಕವಡಿ ಎಣಿಸಿದಂಗ. ದಾಳಿ ಎಣಿಸೋದು ಅಂದ್ರ ಕವಡೀನೂ ಎಣಿಸಬೇಕು, ಆಡೋ ಕೈನೂ ಎಣಿಸಬೇಕು."

ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಚೌಕಾಬಾರಾದ ಹೊರಸುತ್ತು ಆಫೀಸಿನ ಕಂಪ್ಯೂಟರ್ ಆಯಿತು. ಒಳಸುತ್ತು ವಾಲ್ವಿನ ಕಂಪ್ಯೂಟರ್. ನಡುವಿನ ಮನೆ ಪಂಪು. ಎದುರಿನವನ ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಆಟದ ಮೂಲ ನೇಮ. ಹೊರಗಿನ ಯಂತ್ರ ಹಿಡಿಯದೆ ಒಳಗಿನ ಯಂತ್ರಕ್ಕೆ ಹೋಗುವಂತಿಲ್ಲ ಎಂದು ಮಾಸ್ತರು ಅದನ್ನು ಹಾಗೇ ಉಳಿಸಿಕೊಂಡರು. ಕಳ್ಳನ ಕಾಯಿ ಹೊರಡುವುದು ಪೆನ್ ಡ್ರೈವಿನ ಮನೆಯಿಂದ. ಪಾಳಿಯವರೆಲ್ಲ ಕೂತು ಆಡಿದೆವು. ಸರಕಾರಿ ಹೊತ್ತಿನಲ್ಲಿ, ಸರಕಾರಿ ನೆಲದ ಮೇಲೆ, ಸಾಹೇಬರ ಅಪ್ಪಣೆಯಿಂದ ಚೌಕಾಬಾರಾ ಆಡಿದವರು ಈ ಜಿಲ್ಲೆಯಲ್ಲಿ ನಾವೇ ಇರಬೇಕು. ಪ್ರತಿ ಆಟ ಹೇಗೆ ಮುಗಿಯಿತೆಂದು ಮಾಸ್ತರು ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ಅದೇ ಆಟವನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಸಾವಿರಾರು ಸಲ ಆಡಿಸಿದರು.

ಮಾದರಿ ಕೂಡಿಬರಲಿಲ್ಲ.

"ಪೆನ್ ಡ್ರೈವಿನಿಂದ ಬಂದಿದ್ರ ಆಫೀಸಿನ ಕಂಪ್ಯೂಟರ ಮೊದಲ ಸಾಯಬೇಕು" ಎಂದರು ಮಾಸ್ತರು, ಮಿರ್ಚಿಯನ್ನು ತಿನ್ನದೆ ಕೈಯಲ್ಲಿ ಹಿಡಿದುಕೊಂಡು. "ಸಾವಿರಾರು ಆಟದಾಗ ಕಳ್ಳ ಹೊರಸುತ್ತು ಹಿಡದೂ ಅದನ್ನ ಕೆಡಸದ ಬಿಟ್ಟು, ಒಳಸುತ್ತು ಅಷ್ಟ ಸತ್ತದ್ದು ಎಲ್ಲೋ ಒಂದೆರಡು. ನಿಮ್ಮಲ್ಲೆ ಆಗಿದ್ದು ಅದನ. ಈ ಆಟದಾಗ ಒಂದ ಮನಿ ಕಡಿಮಿ ಐತ್ರಿ. ಯಾವುದರ ಒಂದ ದಾರಿ ನನಗ ಹೇಳೋದು ಮರತೀರೇನು?"

ಅವರು ಒಬ್ಬೊಬ್ಬರ ಮುಖ ನೋಡಿದರು. ನನ್ನ ಸರದಿ ಬಂದಾಗ, "ಇಲ್ರಿ" ಎಂದೆ.

ಮರುದಿನ ಬೆಳ್ಳಟ್ಟಿಯ ಅದೇ ಹಿರಿಯರು ತೆಂಗಿನಕಾಯಿ ಹಿಡಿದುಕೊಂಡು ಬಂದರು. ಈ ಸಲ ಮಗಳ ಮದುವೆ; ದಿನ ಇನ್ನೂ ದೂರವಿದ್ದರೂ ಮೊದಲೇ ಹೇಳಿಡಲು ಬಂದಿದ್ದರು. ಮಾಸ್ತರು ಅಲ್ಲೇ ಕೂತಿದ್ದರು. ಸುರಗಿ ನೀರೆಂಬ ಮಾತು ಕಿವಿಗೆ ಬಿದ್ದು ಎದ್ದು ಬಂದರು.

"ಹೌದಲ್ಲ! ನಮ್ಮೂರಾಗೂ ಬಿಡ್ತಿದ್ರು. ಇದು ನನ್ನ ಚಿತ್ರದಾಗ ಇಲ್ಲ ನೋಡ್ರಿ. ಕಂಪ್ಯೂಟರ ಬಂದ ಮ್ಯಾಲ ಇದನ್ನ ಹೆಂಗ ಬಿಡ್ತೀರಿ?"

"ಬಿಡೋದ ನಿಲ್ಲಿಸೇವ್ರಿ" ಎಂದೆ.

ಹಿರಿಯರು ನನ್ನನ್ನು ನೋಡಿದರು. ಅವರ ಮಗನ ಮದುವೆಯಲ್ಲಿ ನಾನು ಫೋನಿನಿಂದ ನೀರು ಬಿಟ್ಟದ್ದು ನೆನಪಿರದಷ್ಟು ಅವರಿಗೆ ವಯಸ್ಸಾಗಿರಲಿಲ್ಲ. ಆದರೂ "ಹೌದ್ರಿ, ನಿಲ್ಲಿಸ್ಯಾರ" ಎಂದರು. ತೆಂಗಿನಕಾಯಿಯನ್ನು ನನ್ನ ಕೈಯಲ್ಲಿಟ್ಟು, "ಇರಲಿ, ದೇವರಿಗಿ ಒಡಸ್ರಿ" ಎಂದು ಹೋದರು. ನನಗೋಸ್ಕರ ಒಬ್ಬ ಮರ್ಯಾದಸ್ಥರು ಸುಳ್ಳು ಹೇಳಿದರು. ಆ ಕಾಯಿಯನ್ನು ಒಡೆಯಲು ಮನಸ್ಸಾಗಲಿಲ್ಲ. ದೇವರ ಜಗಲಿಯ ಮೇಲೆ ಇಟ್ಟೆ.

ಸಾಹೇಬರು ವರದಿ ಕೇಳಲು ಬಂದರು. ಮಾಸ್ತರು ಪೆನ್ ಡ್ರೈವಿನ ದಾರಿ ಬಹಳ ಕಡಿಮೆ ಸಂಭವದ್ದು ಎಂದರು.

"ಕಡಿಮಿ ಅಂತೀರಿ. ಆಗೋದ ಇಲ್ಲ ಅಂತ ಬರದ ಕೊಡ್ತೀರೇನು?"

"ಹಂಗ ಬರಿಯಾಕ ಬರಂಗಿಲ್ರಿ. ಸಂಭವ ಅಂದ್ರ ಸಂಭವ."

"ಮತ್ತ ಬ್ಯಾರೆ ದಾರಿ ಸಿಕ್ಕಿಲ್ಲ ಅಂತೀರಿ. ಇರೋದ ಒಂದ ದಾರಿ ಅಂದ್ರ, ಕಡಿಮಿ ಇರಲಿ ಜಾಸ್ತಿ ಇರಲಿ, ಅದರಿಂದನ ಬಂದೈತಿ. ನಾ ಆ ಹುಡುಗೀನ ಹೆಂಗ ವಾಪಸ್ ತಗೊಳ್ಳಿ?"

ಸಾಹೇಬರ ಮಾತಿನಲ್ಲಿ ತಪ್ಪಿರಲಿಲ್ಲ. ಮಾಸ್ತರ ಲೆಕ್ಕದಲ್ಲೂ ತಪ್ಪಿರಲಿಲ್ಲ. ತಪ್ಪು ನನ್ನ ಚಂಚಿಯಲ್ಲಿತ್ತು.

ಆ ವಾರವೇ ಆಪರೇಟರ್ ತನ್ನ ಗುರುತಿನ ಚೀಟಿ ತಿರುಗಿ ಕೊಡಲು ಬಂದಳು. ಅಳುಮೋರೆ ಇರಬಹುದೆಂದು ಹೆದರಿದ್ದೆ. ಆಕೆ ಬಂದವಳೇ ನೆಲದ ಮೇಲಿನ ವೃತ್ತಗಳನ್ನು ನೋಡಿ, "ಯಾರ ಮದುವಿ ರಂಗೋಲಿರಿ ಇದು?" ಎಂದಳು. ಮಾಸ್ತರು ಆಟ ತಿಳಿಸಿ ಹೇಳಿದರು. ಆಕೆ ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟಳು.

"ಕಳ್ಳನ ಕಾಯಿ ನನಗ ಕೊಡ್ರಿ. ಹೆಂಗೂ ಕಳ್ಳಿ ಅಂತ ನೋಟಿಸ ಬಂದೈತಿ, ಆಡಿರ ನೋಡೂಣು."

ಎಲ್ಲರೂ ನಕ್ಕರು. ನಾನು ಕಳ್ಳನನ್ನು ಹಿಡಿಯುವ ಕಾವಲಿನ ಕಾಯಿ ಹಿಡಿದು ಎದುರಿಗೆ ಕೂತೆ. ಆಕೆ ಕವಡೆ ಎಸೆದಳು. ಆ ಮಗ್ಗದ ಕೈಗೆ ಅಂದೂ ಬೇಕಾದದ್ದೇ ಬಿತ್ತು. ಆದರೂ ಪೆನ್ ಡ್ರೈವಿನ ಮನೆಯಿಂದ ಹೊರಟ ಕಾಯಿ ಹೊರಸುತ್ತಿನಲ್ಲೇ ಸಿಕ್ಕಿಬೀಳುತ್ತಿತ್ತು. ಮತ್ತೆ ಆಡಿದಳು, ಮತ್ತೆ ಸಿಕ್ಕಿತು. ಒಂದು ಕಾಯಿಯೂ ನಡುವಿನ ಮನೆ ಮುಟ್ಟಿ ಹಣ್ಣಾಗಲಿಲ್ಲ.

"ನೋಡ್ರಿ ಮಾಸ್ತರ" ಎಂದು ಕೈ ಝಾಡಿಸಿದಳು, "ನನಗ ಕಳವು ಮಾಡಾಕೂ ಬರಂಗಿಲ್ಲ. ಇದನ್ನರ ವರದಿಯಾಗ ಬರೀರಿ." ನನ್ನ ಕಡೆ ತಿರುಗಿ, "ಕಾಕಾ, ನೀವ ಯಾಕ ನಗವಲ್ರಿ? ಗೆದ್ದೀರಲ್ರಿ" ಎಂದಳು.

ನಾನು ಚಂಚಿ ಬಿಚ್ಚಿದೆ. ಎಲೆ ಹಾಕಿಕೊಳ್ಳುತ್ತೇನೆಂದು ಎಲ್ಲರೂ ತಿಳಿದರು. ಸುಣ್ಣದ ಡಬ್ಬಿಯ ಕೆಳಗಿನಿಂದ ಡಾಂಗಲ್ ತೆಗೆದು, ಹೊರಗಿನ ಯಾವ ಮನೆಗೂ ಮುಟ್ಟಿಸದೆ, ನೇರ ಒಳಸುತ್ತಿನ ಮೇಲೆ ಇಟ್ಟೆ.

"ಇದೆಂಥಾ ಆಟರಿ?" ಎಂದಳು ಆಕೆ.

"ಹಿಂಗೊಂದು ದಾರಿ ಇತ್ತವಾ."

"ಯಾರ ಮಾಡಿದ್ದು?"

"ನಾನ."

ಮಾಸ್ತರು ಎರಡೂ ಕೈಯಿಂದ ತೊಡೆ ತಟ್ಟಿಕೊಂಡರು. ಅವರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಆನಂದ. "ಸಿಕ್ತು! ಮನಿ ಸಿಕ್ತು! ಯಜಮಾನ್ರ, ಬೈಯೋದು ಆಮ್ಯಾಲ. ಮೊದಲ ಹೇಳ್ರಿ, ಇದನ್ನ ದಿನಾ ಎಷ್ಟ ಹೊತ್ತ ಹಚ್ಚಿರತಿದ್ರಿ?"

"ತಗೀತನ ಇರಲಿಲ್ರಿ."

"ಪಾಸ್‌ವರ್ಡ?"

ಹೇಳಿದೆ. ಮಾಸ್ತರು ಆಕಾಶದ ಕಡೆ ಕೈ ಮುಗಿದರು. "ಇದು ದಾರಿ ಅಲ್ರಿ ಯಜಮಾನ್ರ, ಹೆದ್ದಾರಿ. ಊರ ಊರ ಬಾಗಲಾ ದೂಡಿ ನೋಡೋ ಕಳ್ಳರಿಗಿ ನೀವ ಬಾಗಲಾ ತಗದು, ದೀಪಾ ಹಚ್ಚಿ, ಕುಂಡ್ರಾಕ ಚಾಪಿ ಹಾಸಿದ್ರಿ." ಅಲ್ಲಿಯೇ ಲ್ಯಾಪ್‌ಟಾಪ್ ತೆರೆದು ಹೊಸ ಬಾಣ ಹಾಕಿ ಆಡಿಸಿದರು. ಈಗ ಆಟಕ್ಕೆ ಆಟ ಹೊರಸುತ್ತು ಉಳಿಯುತ್ತಿತ್ತು, ಒಳಸುತ್ತು ಬೀಳುತ್ತಿತ್ತು. ಆ ಬೆಳಿಗ್ಗೆ ನಡೆದದ್ದೇ ಪರದೆಯ ಮೇಲೆ ಮತ್ತೆ ಮತ್ತೆ ನಡೆಯಿತು.

ಆಪರೇಟರ್ ಅದನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ಇದನ್ನ ಮಗ್ಗಲದಾಗ ಇಟ್ಕೊಂಡ ನನ್ನ ಜೋಡಿ ಆಡಾಕತ್ತಿದ್ರೇನ ಕಾಕಾ?" ಎಂದಳು. ಆಕೆ ಕವಡೆಗಳನ್ನು ಒಂದೊಂದಾಗಿ ಆಯ್ದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಸಾಹೇಬರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಅವರು ಕೂಗಿದ್ದು ಚಹಾದಂಗಡಿಯ ತನಕ ಕೇಳಿಸಿತಂತೆ. ಬಡ್ತಿ ನಿಂತಿತು, ಪಂಪ್‌ಹೌಸ್ ಬಿಡಿಸಿ ಶಿರಹಟ್ಟಿ ದಾರಿಯ ಒಂದು ವಾಲ್ವಿಗೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ ಇದ್ದೆ, ಪಿಂಚಣಿ ಉಳಿಯಿತು. ಮಾಸ್ತರ ವರದಿಯಿಂದ ಕೀಲಿ ಗೋಡೆಗೆ ಬಂತು, ಚಹಾದಂಗಡಿಗೆ ಬಿದಿರು ಹೋಯಿತು. ತಿಂಗಳಿಗೊಮ್ಮೆ ಕಂಪ್ಯೂಟರ್ ಬಂದ್ ಮಾಡಿ ಕೈಯಿಂದ ನೀರು ನಡೆಸುವ ತಾಲೀಮು ಶುರುವಾಯಿತು. ಆ ವರದಿಯ ಇನ್ನೊಂದು ಮಾತು ಮಾಸ್ತರು ನನಗೆ ಓದಿ ಹೇಳಿದ್ದು: ಜನರ ರೂಢಿಗೆ ಯಂತ್ರದಲ್ಲಿ ಜಾಗ ಇಡದಿದ್ದರೆ ರೂಢಿ ತನ್ನ ಜಾಗವನ್ನು ತಾನೇ ತೋಡಿಕೊಳ್ಳುತ್ತದೆ, ಆದ್ದರಿಂದ ಸುರಗಿ ನೀರನ್ನು ಪಾಳಿಯಲ್ಲೇ ಸೇರಿಸತಕ್ಕದ್ದು. ಈಗ ಮದುವೆ ಮನೆಯವರು ಮುನ್ನಾ ದಿನ ಹೇಳಿದರೆ ಸಾಕು, ರಾಜಾರೋಷವಾಗಿ ನೀರು ಬರುತ್ತದೆ. ಬೆಳ್ಳಟ್ಟಿಯ ಹಿರಿಯರ ಮಗಳ ಸುರಗಿಗೆ ಮೊದಲು ಬಿಟ್ಟದ್ದು. ಬಿಟ್ಟವಳು ಮರಳಿ ಕೆಲಸಕ್ಕೆ ಬಂದ ಆಪರೇಟರ್. ಆ ತೆಂಗಿನಕಾಯಿಯನ್ನು ನಾನು ಅಂದು ಒಡೆದೆ.

ಒಮ್ಮೆ ತಾಲೀಮಿಗೆಂದು ಪಂಪ್‌ಹೌಸಿಗೆ ಹೋದಾಗ ಆಕೆ ಬಾಗಿಲಲ್ಲೇ ಅಡ್ಡ ನಿಂತಳು. "ಕಾಕಾ, ಇನ್ನ ಮ್ಯಾಲ ನಿಮ್ಮ ಚಂಚಿ ತಪಾಸ ಮಾಡಿನ ಒಳಗ ಬಿಡಾಕಿ ನಾನು." ಎಲ್ಲರೂ ಹೋ ಎಂದು ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಉದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತು, 'ತಪ್ಪಾತವಾ ತಂಗಿ' ಎಂಬುದು, ಆ ನಗೆಯಲ್ಲಿ ಕೊಚ್ಚಿಹೋಯಿತು. ಕೊಚ್ಚಿಹೋದದ್ದು ನನಗೆ ಹಿತವೂ ಆಯಿತು.

ಆಮೇಲೆ ಬೆಟಗೇರಿಯಲ್ಲಿ ಆಕೆಯ ಮದುವೆ. ಅವರಲ್ಲೂ ಸುರಗಿ ಉಂಟು. ಆ ಊರಿನ ನೀರಿನ ಮೇಲೆ ನನ್ನ ಕೈಯೇನೂ ನಡೆಯುವುದಿಲ್ಲ. ಮದುವೆಯ ದಿನ ನಸುಕಿನಲ್ಲೇ ಕೊರ್ಲಹಳ್ಳಿಯ ಹೊಳೆಗೆ ಇಳಿದು, ಒಂದು ಕೊಡ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಸ್ಸು ಹತ್ತಿದೆ. "ಲಗೇಜ ತಿಕೀಟ ತಗೋಬೇಕಾಗತೈತ್ರಿ ಯಜ್ಜಾ" ಎಂದ ಕಂಡಕ್ಟರ್. "ನೀರಿಗೇನೋ ತಮ್ಮಾ?" "ತುಳುಕಿದ್ರ ಪ್ರಯಾಣಿಕರಿಗಿ ಸ್ನಾನಾ ಆಗತೈತಲ್ರಿ, ಅದಕ್ಕ." ತೆಗೆದುಕೊಂಡೆ.

ನಾಲ್ಕು ತಂಬಿಗೆಗಳಲ್ಲಿ ಒಂದಕ್ಕೆ ಆ ನೀರು ಹಾಕಿದರು. ಅರಿಶಿಣ ಮೆತ್ತಿದ ಮುಖದಲ್ಲಿ ಆಕೆ ನಕ್ಕು, "ಕಾಕಾ, ಇದನ್ನ ಯಾವ ದಾರೀಲೆ ತಂದ್ರಿ?" ಎಂದಳು.

"ಬಸ್ಸಿನ ದಾರೀಲೆ ತಂದೇನವಾ. ತಿಕೀಟ ಐತಿ" ಎಂದು ಚೀಟಿ ತೋರಿಸಿದೆ. ಮತ್ತೆ ನಗೆ. ಮತ್ತೆ ಮುಂದಿನ ಪಂಕ್ತಿಯಲ್ಲಿ ಊಟ. ಮತ್ತೆ ಆ ಮಾತು ಬಾಯಲ್ಲೇ ಉಳಿಯಿತು.

ಖರೆ ಹೇಳುವುದು ಬೇರೆ, ತಪ್ಪಾಯಿತು ಅನ್ನುವುದು ಬೇರೆ. ಮೊದಲಿನದನ್ನು ಮಾಸ್ತರಿಗೆ, ಸಾಹೇಬರಿಗೆ, ನೆಲದ ಮೇಲಿನ ಆಟಕ್ಕೆ ಹೇಳಿದೆ. ಎರಡನೆಯದನ್ನು ಯಾರಿಗೆ ಹೇಳಬೇಕಿತ್ತೋ ಅವಳಿಗೆ ಹೇಳಲಿಲ್ಲ. ಇದನ್ನು ಬರೆದರೆ ಅದು ತೀರಿತೆಂದೂ ಅಲ್ಲ. ಅದಕ್ಕೆ ಬೆಟಗೇರಿಯ ಬಸ್ಸನ್ನೇ ಹತ್ತಬೇಕು, ಈ ಸಲ ಕೊಡ ಇಲ್ಲದೆ.

ಈ ಬರಹದಲ್ಲಿ ಸಾಹೇಬರು, ಮಾಸ್ತರು, ಹಿರಿಯರು ಎಂದೇ ಬರೆದೆ. ಅವರ ಹೆಸರು ಹೇಳಬೇಕಾದ ಕಾರಣವಿಲ್ಲ. ಒಬ್ಬರ ವಿಷಯ ಮಾತ್ರ ಹಾಗಲ್ಲ. ಆರೋಪದ ನೋಟಿಸಿನಲ್ಲಿ ಆಕೆಯ ಹೆಸರು ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿ ಇತ್ತು. ಪಂಪ್‌ಹೌಸಿನ ಗೋಡೆಗೂ ಒಂದು ಪ್ರತಿ ಅಂಟಿಸಿದ್ದರು. ಆರೋಪ ಹೋದಾಗ ಬಂದ ಕಾಗದದಲ್ಲಿ 'ಕಾರಣ ಬೇರೆಡೆ ಪತ್ತೆಯಾಗಿದೆ' ಎಂದಷ್ಟೇ ಇತ್ತು, ಹೆಸರಿರಲಿಲ್ಲ. ತಪ್ಪಿಲ್ಲವೆಂದು ಆ ಹೆಸರನ್ನು ಹಿಡಿದು ಹೇಳಿದವರು ಯಾರೂ ಇಲ್ಲ. ನಾನೂ ಇಷ್ಟು ಪುಟ ಆಪರೇಟರ್, ಆಪರೇಟರ್ ಎಂದೇ ದಾಟಿಕೊಂಡು ಬಂದೆ.

ಆಕೆಯ ಹೆಸರು ಶಶಿಕಲಾ.